ಶೇ. 1 ಡ್ರಾಪ್: ನೂರು ಸಲ ಆಡಿದರೂ ಸಿಗದಿರುವುದು ಏಕೆ?

ಗೇಮಿನಲ್ಲಿ ಬಹುಮಾನದ ಪೆಟ್ಟಿಗೆ ತೆರೆಯುವ ಬಟನ್ನಿನ ಪಕ್ಕ ಈಗ ಸಣ್ಣದೊಂದು ‘ವಿವರ’ ಗುಂಡಿ ಇರುತ್ತದೆ. ಒತ್ತಿದರೆ ಪಟ್ಟಿ ತೆರೆದುಕೊಳ್ಳುತ್ತದೆ: ಸಾಧಾರಣ ವಸ್ತು ಶೇ. 80, ಅಪರೂಪದ್ದು ಶೇ. 15, ಅದಕ್ಕೂ ಮೇಲಿನದು ಶೇ. 4.5, ಎಲ್ಲರೂ ಆಸೆಪಡುವ ವಸ್ತು ಶೇ. 0.5. ಕಂಪನಿಗಳು ಇದನ್ನು ಖುಷಿಯಿಂದ ತೋರಿಸುತ್ತಿರುವುದಲ್ಲ. 2017ರ ಮೇ ತಿಂಗಳಿಂದ ಚೀನಾ ಇದನ್ನು ಕಡ್ಡಾಯ ಮಾಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಆಪಲ್ ತನ್ನ ಆಪ್ ಸ್ಟೋರ್ ನಿಯಮಗಳಿಗೆ ಇದನ್ನು ಸೇರಿಸಿತು. ದಕ್ಷಿಣ ಕೊರಿಯಾದಲ್ಲಿ 2024ರ ಮಾರ್ಚ್‌ನಿಂದ ಇದು ಕಾನೂನೇ ಆಗಿದೆ.

ಅಂಕಿಗಳೇನೋ ಕಣ್ಣೆದುರಿಗಿವೆ. ಆದರೆ ‘ಶೇ. 1’ ಎಂಬ ಅಂಕಿಯೊಂದೇ ನಿಮಗೆ ಎಷ್ಟು ಪ್ರಯತ್ನ ಬೇಕಾದೀತು ಎಂದು ಹೇಳುವುದಿಲ್ಲ. ಅದೇ ಶೇ. 1 ಒಂದು ಗೇಮಿನಲ್ಲಿ ‘ನೂರರೊಳಗೆ ಖಂಡಿತ’ ಎಂದಾದರೆ, ಇನ್ನೊಂದರಲ್ಲಿ ‘ಐನೂರಾದರೂ ಖಾತ್ರಿಯಿಲ್ಲ’ ಎಂದಾಗುತ್ತದೆ. ವ್ಯತ್ಯಾಸ ಇರುವುದು ಅಂಕಿಯ ಹಿಂದಿನ ನಿಯಮದಲ್ಲಿ.

ಮುಂದೆ ಬರುವ ಕೆಲವು ಪದಗಳು: ಶತ್ರು ಸತ್ತಾಗ ಅಥವಾ ಹಂತ ಮುಗಿದಾಗ ಬೀಳುವ ವಸ್ತು ಡ್ರಾಪ್. ಒಳಗೇನಿದೆ ಎಂದು ಗೊತ್ತಿಲ್ಲದೆ ತೆರೆಯುವ ಪೆಟ್ಟಿಗೆ ಲೂಟ್ ಬಾಕ್ಸ್. ಗೇಮಿನ ರತ್ನವನ್ನೋ ನಾಣ್ಯವನ್ನೋ ಕೊಟ್ಟು ಪಾತ್ರ, ಆಯುಧಗಳನ್ನು ಅದೃಷ್ಟದ ಮೇಲೆ ಪಡೆಯುವ ವ್ಯವಸ್ಥೆ ಗಾಚಾ; ಅದರಲ್ಲಿನ ಒಂದೊಂದು ಪ್ರಯತ್ನ ಪುಲ್, ಆ ವಾರ ಯಾವ ಪಾತ್ರ ಸಿಗುತ್ತದೆಂದು ಜಾಹೀರು ಮಾಡುವ ಪುಟ ಬ್ಯಾನರ್.

## ಚೀಟಿ ವಾಪಸ್ ಹೋಗುತ್ತದೆಯೋ, ಹೊರಗೇ ಉಳಿಯುತ್ತದೆಯೋ

ಒಂದು ಮಡಕೆಯಲ್ಲಿ ನೂರು ಚೀಟಿ ಇವೆ, ಒಂದರಲ್ಲಿ ಮಾತ್ರ ಬಹುಮಾನ ಎಂದಿಟ್ಟುಕೊಳ್ಳಿ. ಎತ್ತಿದ ಖಾಲಿ ಚೀಟಿಯನ್ನು ಪಕ್ಕಕ್ಕಿಡುತ್ತಾ ಹೋದರೆ ಮಡಕೆ ಖಾಲಿಯಾಗುತ್ತಾ ಬರುತ್ತದೆ. ಎರಡನೆಯ ಸಲ 99ರಲ್ಲಿ ಒಂದು, ಐವತ್ತು ಖಾಲಿ ಚೀಟಿ ಹೊರಬಿದ್ದ ಮೇಲೆ 50ರಲ್ಲಿ ಒಂದು, ಕೊನೆಗೆ ಒಂದರಲ್ಲಿ ಒಂದು. ಎಷ್ಟೇ ನತದೃಷ್ಟರಾದರೂ ನೂರನೆಯದಕ್ಕೆ ಬಹುಮಾನ ಕೈಗೆ ಬರುತ್ತದೆ. ಸರಾಸರಿ ಲೆಕ್ಕ 50.5 ಪ್ರಯತ್ನ.

ಎತ್ತಿದ ಚೀಟಿಯನ್ನು ಓದಿ, ಮಡಚಿ, ಮತ್ತೆ ಮಡಕೆಗೇ ಹಾಕಿದರೆ? ಪ್ರತಿ ಸಲವೂ ನೂರು ಚೀಟಿಯೇ. ಐವತ್ತು ಸಲ ಖಾಲಿ ಬಂದಿದ್ದರೂ ಐವತ್ತೊಂದನೆಯ ಸಲ ನೂರರಲ್ಲಿ ಒಂದೇ. ಹೆಚ್ಚಿನ ಡ್ರಾಪ್‌ಗಳು, ಹೆಚ್ಚಿನ ಲೂಟ್ ಬಾಕ್ಸ್‌ಗಳು ಕೆಲಸ ಮಾಡುವುದು ಈ ಎರಡನೆಯ ರೀತಿಯಲ್ಲಿ. ಆಟಗಾರರ ಮನಸ್ಸಿನಲ್ಲಿ ಇರುವುದು ಮಾತ್ರ ಮೊದಲನೆಯ ಮಡಕೆ. ನಿರಾಸೆಯ ಮುಕ್ಕಾಲು ಪಾಲು ಹುಟ್ಟುವುದು ಇಲ್ಲೇ.

ಮೊದಲ ಮಡಕೆಯಂಥ ಗೇಮ್‌ಗಳೂ ಇಲ್ಲದಿಲ್ಲ. ‘ಬಾಕ್ಸ್ ಗಾಚಾ’ ಎಂದು ಕರೆಯುವ ಕೆಲವು ಈವೆಂಟ್‌ಗಳಲ್ಲಿ ಪೆಟ್ಟಿಗೆಯೊಳಗೆ ಯಾವುದು ಎಷ್ಟು ಉಳಿದಿದೆ ಎಂದು ತೆರೆಯ ಮೇಲೆಯೇ ಎಣಿಕೆ ಇಳಿಯುತ್ತಾ ಬರುತ್ತದೆ. ಉಳಿದ ಎಣಿಕೆ ಕಾಣಿಸದಿದ್ದರೆ ಚೀಟಿ ಮಡಕೆಗೆ ವಾಪಸ್ ಹೋಗುತ್ತಿದೆ ಎಂದೇ ಭಾವಿಸಿ.

## ‘ಸಿಗುವುದು’ ಬಿಟ್ಟು ‘ಸಿಗದಿರುವುದು’ ಲೆಕ್ಕ ಹಾಕಿ

ಶೇ. 1ನ್ನು ನೂರು ಸಲ ಕೂಡಿಸಿ ಶೇ. 100 ಎನ್ನುವುದು ಸಹಜ ತಪ್ಪು. ಹಾಗೆ ಕೂಡಿಸುವುದು ಸರಿಯಾಗಿದ್ದರೆ ನೂರ ಇಪ್ಪತ್ತನೆಯ ಪ್ರಯತ್ನಕ್ಕೆ ಶೇ. 120 ಆಗಬೇಕಿತ್ತು. ಅಂಥದ್ದು ಇರುವುದೇ ಸಾಧ್ಯವಿಲ್ಲ.

ಸರಿಯಾದ ದಾರಿ ಉಲ್ಟಾ. ಒಂದು ಪ್ರಯತ್ನದಲ್ಲಿ ಸಿಗದಿರುವ ಸಾಧ್ಯತೆ ಶೇ. 99, ಅಂದರೆ 0.99. ಎರಡರಲ್ಲೂ ಸಿಗದಿರುವುದು 0.99 × 0.99, ಅಂದರೆ 0.9801. ನೂರರಲ್ಲೂ ಸಿಗದಿರಬೇಕೆಂದರೆ 0.99 ಅನ್ನು ನೂರು ಸಲ ಗುಣಿಸಬೇಕು. ಫೋನಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿದರೆ ಸಾಮಾನ್ಯವಾಗಿ ಘಾತದ (xʸ) ಗುಂಡಿ ಕಾಣಿಸುತ್ತದೆ. 0.99 ಒತ್ತಿ, ಆ ಗುಂಡಿ ಒತ್ತಿ, 100 ಒತ್ತಿದರೆ ಉತ್ತರ ಸುಮಾರು 0.366. ಅಂದರೆ ನೂರು ಪ್ರಯತ್ನದ ಬಳಿಕವೂ ಬರಿಗೈಯಲ್ಲಿ ಇರುವವರು ನೂರಕ್ಕೆ 36ರಿಂದ 37 ಜನ. ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ! ಇದು ದುರದೃಷ್ಟವೇನಲ್ಲ, ತೀರ ಮಾಮೂಲಿ ಫಲಿತಾಂಶ.

ಇದೇ ಲೆಕ್ಕವನ್ನು ಮುಂದುವರಿಸಿದರೆ ಶೇ. 1 ಡ್ರಾಪ್‌ಗೆ ಸಿಗುವ ಅಂಕಿಗಳು ಇವು. ಅರ್ಧದಷ್ಟು ಆಟಗಾರರಿಗೆ ಸಿಕ್ಕಿರುವುದು 69 ಪ್ರಯತ್ನಗಳೊಳಗೆ. ಹತ್ತರಲ್ಲಿ ಒಂಬತ್ತು ಜನರಿಗೆ ಸಿಕ್ಕಿರಬೇಕೆಂದರೆ 230 ಬೇಕು. ನೂರಕ್ಕೆ 99 ಜನರಿಗೆ ಎಂದರೆ 459. ‘ಸರಾಸರಿ 100’ ಎಂಬುದು ಸುಳ್ಳಲ್ಲ, ಆದರೆ ಕೆಲವರು ಮೊದಲ ಹತ್ತರಲ್ಲೇ ಪಡೆದು, ಇನ್ನು ಕೆಲವರು ನಾನೂರು ದಾಟಿದ್ದರ ನಡುವಿನ ಅಂಕಿ ಅದು. ನೀವು ಆ ಸಾಲಿನಲ್ಲಿ ಎಲ್ಲಿ ನಿಲ್ಲುತ್ತೀರಿ ಎಂದು ಸರಾಸರಿ ಹೇಳುವುದಿಲ್ಲ.

ಬೇರೆ ದರಗಳಿಗೆ ಕ್ಯಾಲ್ಕುಲೇಟರ್ ಬೇಡದ ಅಡ್ಡದಾರಿಯೂ ಇದೆ. ಮೊದಲು 100ನ್ನು ಶೇಕಡಾ ಅಂಕಿಯಿಂದ ಭಾಗಿಸಿ, ಶೇ. 0.5 ಆದರೆ 200. ಅದನ್ನು 0.7ರಿಂದ ಗುಣಿಸಿದರೆ ಅರ್ಧ ಜನರಿಗೆ ಸಿಗುವ ಹೊತ್ತು (140), 2.3ರಿಂದ ಗುಣಿಸಿದರೆ ಶೇ. 90 ಜನರಿಗೆ (460), 4.6ರಿಂದ ಗುಣಿಸಿದರೆ ಶೇ. 99 ಜನರಿಗೆ (920). ಶೇ. 5ಕ್ಕಿಂತ ಕಡಿಮೆ ಇರುವ ಯಾವ ದರಕ್ಕೂ ಇದು ಚೆನ್ನಾಗಿ ಹೊಂದುತ್ತದೆ. ರತ್ನ ಕೂಡಿಡುವವರು ‘ಸರಾಸರಿ’ಯನ್ನು ಬಿಟ್ಟು 2.3ರ ಸಾಲನ್ನು ಗುರಿಯಾಗಿ ಇಟ್ಟುಕೊಂಡರೆ ಮಧ್ಯದಲ್ಲಿ ಕೈಖಾಲಿಯಾಗುವ ಪ್ರಮೇಯ ಕಡಿಮೆ.

## ‘ಇಷ್ಟು ಸಲ ಬಂದಿಲ್ಲ, ಇನ್ನು ಬಂದೇ ಬರುತ್ತದೆ’

ಬರಲೇಬೇಕೆಂದೇನೂ ಇಲ್ಲ. ಮಡಕೆಗೆ ನೆನಪಿಲ್ಲ. ಇನ್ನೂರು ಸಲ ಸೋತವರಿಗೂ ಈಗಷ್ಟೇ ಗೇಮ್ ಹಾಕಿಕೊಂಡವರಿಗೂ ಮುಂದಿನ ಪ್ರಯತ್ನದಲ್ಲಿ ಸಿಗುವ ಸಾಧ್ಯತೆ ಒಂದೇ. ಎಂಬತ್ತು ಸಲ ಸೋತವರು ‘ಇನ್ನು ಇಪ್ಪತ್ತೇ ಬಾಕಿ’ ಎಂದುಕೊಳ್ಳುವುದುಂಟು. ಅವರ ಮುಂದೆ ಇರುವುದು ಮತ್ತೆ ಸರಾಸರಿ ನೂರು.

ಮಧ್ಯರಾತ್ರಿ ತೆರೆದರೆ ಸಿಗುತ್ತದೆ, ಇಂಥ ಮೂಲೆಯಲ್ಲಿ ನಿಂತು ತೆರೆದರೆ ಸಿಗುತ್ತದೆ, ಅನಿಮೇಷನ್ ಬಿಟ್ಟು ಮುಂದಕ್ಕೆ ಹೋದರೆ ಸಿಗುವುದಿಲ್ಲ ಎಂಬ ನಂಬಿಕೆಗಳ ಕತೆಯೂ ಇಷ್ಟೇ. ಆನ್‌ಲೈನ್ ಗೇಮ್‌ಗಳಲ್ಲಿ ನೀವು ಬಟನ್ ಒತ್ತಿದ ಕೂಡಲೇ ಕೋರಿಕೆ ಸರ್ವರ್‌ಗೆ ಹೋಗುತ್ತದೆ, ಅಲ್ಲೇ ಒಂದು ಸಂಖ್ಯೆ ಹುಟ್ಟುತ್ತದೆ, ಫಲಿತಾಂಶ ನಿಮ್ಮ ಖಾತೆಗೆ ದಾಖಲಾಗುತ್ತದೆ. ತೆರೆಯ ಮೇಲೆ ಪೆಟ್ಟಿಗೆ ಅಲ್ಲಾಡಿ, ಬೆಳಕು ಚಿಮ್ಮಿ, ಬಣ್ಣ ಬದಲಾಗುವುದೆಲ್ಲ ಆಮೇಲಿನ ನಾಟಕ. ಮಧ್ಯೆ ಗೇಮ್ ಮುಚ್ಚಿ ಮತ್ತೆ ತೆರೆದರೂ ವಸ್ತು ಚೀಲದಲ್ಲಿ ಬಂದು ಕುಳಿತಿರುವುದಕ್ಕೆ ಕಾರಣ ಇದೇ.

ಸರ್ವರ್ ಇಲ್ಲದ ಹಳೆಯ ಗೇಮ್‌ಗಳ ಮಾತು ಬೇರೆ. ಕಂಪ್ಯೂಟರ್ ಹುಟ್ಟಿಸುವ ರ‍್ಯಾಂಡಮ್ ಸಂಖ್ಯೆಗಳು ಹೆಚ್ಚಾಗಿ ಒಂದು ಸೂತ್ರದ ಸರಣಿ. ಶುರುವಿನ ಅಂಕಿ, ಅಂದರೆ ‘ಸೀಡ್’, ಒಂದೇ ಆದರೆ ಮುಂದಿನ ಸರಣಿಯೂ ಒಂದೇ. ಪೋಕೆಮಾನ್ ಎಮರಾಲ್ಡ್ ಗೇಮ್ ಆನ್ ಮಾಡಿದಾಗಲೆಲ್ಲ ಒಂದೇ ಸೀಡ್‌ನಿಂದ ಶುರುವಾಗುತ್ತದೆ. ಅದನ್ನು ಕಂಡುಕೊಂಡವರು ಸೆಕೆಂಡಿನ ಚೂರುಗಳನ್ನು ಲೆಕ್ಕವಿಟ್ಟು ಬಟನ್ ಒತ್ತಿ ಬೇಕಾದ ಪೋಕೆಮಾನ್ ಹಿಡಿಯುತ್ತಾರೆ. ‘ಟೈಮಿಂಗ್ ನೋಡಿ ಒತ್ತಬೇಕು’ ಎಂಬ ಮಾತಿಗೆ ಅಂಥ ಗೇಮ್‌ಗಳಲ್ಲಿ ಅರ್ಥವಿತ್ತು.

ಇನ್ನು ಸ್ಕ್ರೀನ್‌ಶಾಟ್‌ಗಳು. ಒಂದು ಲಕ್ಷ ಜನ ಒಂದೊಂದು ಸಲ ಪ್ರಯತ್ನಿಸಿದರೆ ಶೇ. 1ರ ಲೆಕ್ಕದಲ್ಲಿ ಸುಮಾರು ಸಾವಿರ ಜನರಿಗೆ ಮೊದಲ ಏಟಿಗೇ ಸಿಗುತ್ತದೆ. ಹಂಚಿಕೊಳ್ಳುವವರು ಅವರೇ. ಸಿಗದ 99 ಸಾವಿರ ಜನ ಖಾಲಿ ಪೆಟ್ಟಿಗೆಯ ಚಿತ್ರ ಹಾಕುವುದಿಲ್ಲ.

## ಪಟ್ಟಿಯಲ್ಲಿ ಬರೆದಿರುವ ಶೇಕಡಾ ಯಾವುದರದು?

ಗೇಮಿನೊಳಗೆ ಬಹುಮಾನದ ಪಟ್ಟಿ ಇರುವುದು ತೂಕಗಳ ರೂಪದಲ್ಲಿ. ಒಂದಕ್ಕೆ 800, ಇನ್ನೊಂದಕ್ಕೆ 150, ಮತ್ತೊಂದಕ್ಕೆ 45, ಕೊನೆಯದಕ್ಕೆ 5; ಒಟ್ಟು 1,000. ಒಂದರಿಂದ ಸಾವಿರದೊಳಗೆ ಒಂದು ಸಂಖ್ಯೆ ಬೀಳುತ್ತದೆ, ಅದು ಯಾರ ಪಾಲಿಗೆ ಸೇರುತ್ತದೋ ಆ ವಸ್ತು ನಿಮ್ಮದು. ಹೊಸ ವಸ್ತುಗಳು ಸೇರಿ ಒಟ್ಟು ತೂಕ ಬೆಳೆದರೆ ಹಳೆಯ ವಸ್ತುಗಳ ಪಾಲು ತಾನಾಗಿ ಕುಗ್ಗುತ್ತದೆ. ಹೊಸ ಅಪ್‌ಡೇಟ್ ಬಂದ ಮೇಲೆ ಹಳೆಯ ಆಯುಧ ಸಿಗುವುದೇ ಇಲ್ಲ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಎಡವುವ ಜಾಗ ಇನ್ನೊಂದಿದೆ. ಅನೇಕ ಗೇಮ್‌ಗಳು ಎರಡು ಹಂತದಲ್ಲಿ ಆರಿಸುತ್ತವೆ: ಮೊದಲು ದರ್ಜೆ, ಆಮೇಲೆ ಆ ದರ್ಜೆಯೊಳಗಿನ ವಸ್ತು. ‘ಲೆಜೆಂಡರಿ ಶೇ. 1’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಆ ದರ್ಜೆಯಲ್ಲಿ ಸಮಾನ ಪಾಲಿನ 20 ವಸ್ತುಗಳಿದ್ದರೆ ನಿಮಗೆ ಬೇಕಾದ ಒಂದರ ದರ ಶೇ. 0.05. ಸರಾಸರಿ 100 ಎಂದುಕೊಂಡದ್ದು 2,000 ಆಯಿತು. ನೂರು ಪ್ರಯತ್ನದಲ್ಲಿ ಅದು ಸಿಗುವ ಸಾಧ್ಯತೆ ಶೇ. 5ಕ್ಕೂ ಕಡಿಮೆ. ಆದ್ದರಿಂದ ದರ್ಜೆಯ ಅಂಕಿಯಲ್ಲಿ ನಿಲ್ಲದೆ ಕೆಳಗೆ ಸ್ಕ್ರೋಲ್ ಮಾಡಿ, ವಸ್ತುವಿನ ಹೆಸರಿನ ಮುಂದಿರುವ ಅಂಕಿಯನ್ನೇ ಹಿಡಿದು ಲೆಕ್ಕ ಶುರು ಮಾಡಬೇಕು.

‘ಡ್ರಾಪ್ ರೇಟ್ ಶೇ. 50 ಹೆಚ್ಚಳ’ ಎಂಬ ಈವೆಂಟ್ ಫಲಕವನ್ನೂ ಹೀಗೇ ಓದಬೇಕು. ಶೇ. 1 ಇದ್ದದ್ದು ಶೇ. 1.5 ಆಗುತ್ತದೆ, ಶೇ. 51 ಆಗುವುದಿಲ್ಲ. ಹತ್ತು ಪುಲ್ ಒಟ್ಟಿಗೆ ಮಾಡುವುದಕ್ಕೂ ಒಂದೊಂದಾಗಿ ಹತ್ತು ಸಲ ಮಾಡುವುದಕ್ಕೂ ಸಾಧ್ಯತೆಯಲ್ಲಿ ವ್ಯತ್ಯಾಸ ಇಲ್ಲ. ‘ಹತ್ತರ ಪುಲ್‌ಗೆ ಮಾತ್ರ ಒಂದು ಅಪರೂಪದ ವಸ್ತು ಖಚಿತ’ ಎಂದು ನಿಯಮದಲ್ಲಿ ಬರೆದಿದ್ದರೆ ಮಾತ್ರ ಒಟ್ಟಿಗೆ ಎಳೆಯುವುದೇ ಲಾಭ.

## ಪಿಟಿ: ಸೋಲಿಗೊಂದು ಮಿತಿ

ಎಷ್ಟು ಸಲ ಸೋತರೂ ಅಂತ್ಯವಿಲ್ಲ ಎಂದಾದರೆ ಆಟಗಾರರು ಬಿಟ್ಟುಹೋಗುತ್ತಾರೆ. ಅದಕ್ಕಾಗಿಯೇ ಹಲವು ಗಾಚಾ ಗೇಮ್‌ಗಳಲ್ಲಿ ‘ಪಿಟಿ’ (ಇಂಗ್ಲಿಷಿನ pity, ಅಂದರೆ ಕನಿಕರ) ಇದೆ: ಇಷ್ಟು ಸಲ ಸತತವಾಗಿ ಸಿಗದಿದ್ದರೆ ಮುಂದಿನದು ಖಚಿತ. ಇಲ್ಲಿ ಮಾತ್ರ ಮಡಕೆಗೆ ನೆನಪು ಬರುತ್ತದೆ.

2020ರಲ್ಲಿ ಬಂದ ಗೆನ್ಶಿನ್ ಇಂಪ್ಯಾಕ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪಾತ್ರಗಳ ಬ್ಯಾನರ್‌ನಲ್ಲಿ ಐದು ನಕ್ಷತ್ರದ, ಅಂದರೆ ಅತಿ ಮೇಲಿನ ದರ್ಜೆಯ, ಪಾತ್ರ ಸಿಗುವ ಮೂಲ ದರ ಶೇ. 0.6. ತೊಂಬತ್ತನೆಯ ಪುಲ್‌ನೊಳಗೆ ಒಂದು ಖಚಿತ. ಈ ಖಚಿತವನ್ನೂ ಸೇರಿಸಿದ ಒಟ್ಟು ದರ ಶೇ. 1.6 ಎಂದು ಕಂಪನಿಯೇ ಪ್ರಕಟಿಸಿದೆ.

ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರೆ ನಿಯಮದಲ್ಲಿ ಬರೆಯದ ಒಂದು ಸಂಗತಿ ಹೊರಬೀಳುತ್ತದೆ. ಮೊದಲ 89 ಪುಲ್‌ಗೂ ದರ ಶೇ. 0.6 ಆಗಿಯೇ ಇದ್ದು, 90ನೆಯದು ಮಾತ್ರ ಖಚಿತ ಎಂದಿಟ್ಟುಕೊಳ್ಳಿ. ಆಗ ಒಂದು ಐದು ನಕ್ಷತ್ರಕ್ಕೆ ಬೇಕಾಗುವ ಸರಾಸರಿ ಪುಲ್ ಸುಮಾರು 69.7, ಒಟ್ಟು ದರ ಶೇ. 1.43 ಆಸುಪಾಸು. ಪ್ರಕಟಿತ ಶೇ. 1.6 ಎಂದರೆ ಸರಾಸರಿ 62.5 ಪುಲ್. ಏಳು ಪುಲ್‌ಗಳ ಈ ಅಂತರ ಎಲ್ಲಿಂದ ಬಂತು? ತೊಂಬತ್ತಕ್ಕೂ ಮೊದಲೇ ಎಲ್ಲೋ ದರ ಏರಲೇಬೇಕು, ಇಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲ. ಆಟಗಾರರು ಸಾವಿರಾರು ಪುಲ್‌ಗಳ ದಾಖಲೆ ಕಲೆಹಾಕಿ ನೋಡಿದಾಗ ಸುಮಾರು 74ನೆಯ ಪುಲ್‌ನಿಂದ ದರ ಪ್ರತಿ ಸಲವೂ ಏರುತ್ತಾ ಹೋಗುವುದು ಕಂಡಿತು. ಇದಕ್ಕೆ ‘ಸಾಫ್ಟ್ ಪಿಟಿ’ ಎನ್ನುತ್ತಾರೆ. ತೊಂಬತ್ತರದ್ದು ‘ಹಾರ್ಡ್ ಪಿಟಿ’.

ಸಿಕ್ಕ ಐದು ನಕ್ಷತ್ರ ನಿಮಗೆ ಬೇಕಾದ ಪಾತ್ರವೇ ಆಗಿರಬೇಕಲ್ಲ? ಗೇಮ್ ಶುರುವಾದಾಗಿನಿಂದ 2024ರವರೆಗೆ ಇದ್ದ ನಿಯಮದಂತೆ ಬ್ಯಾನರ್‌ನ ಪಾತ್ರವೇ ಬರುವ ಸಾಧ್ಯತೆ ಅರ್ಧ. ಬೇರೆ ಬಂದರೆ ಮುಂದಿನ ಐದು ನಕ್ಷತ್ರ ಖಚಿತವಾಗಿ ಬ್ಯಾನರ್‌ನದೇ. ಹಾಗಾಗಿ ಅತಿ ಕೆಟ್ಟ ಪರಿಸ್ಥಿತಿ 180 ಪುಲ್, ಸರಾಸರಿ 62.5ರ ಒಂದೂವರೆ ಪಟ್ಟು, ಅಂದರೆ ಸುಮಾರು 94. ಒಂದು ಪುಲ್‌ಗೆ 160 ರತ್ನ. 180 ಪುಲ್‌ಗೆ 28,800. ‘ಈ ಪಾತ್ರ ಬೇಕೇ ಬೇಕು’ ಎನ್ನುವವರು ಬ್ಯಾನರ್ ಬರುವ ಮೊದಲು ಕೂಡಿಡಬೇಕಾದ ಮೊತ್ತ ಇದು. ಸರಾಸರಿ ನೋಡಿ 15,000ಕ್ಕೆ ಶುರು ಮಾಡಿದವರಲ್ಲಿ ಹಲವರು ನಡುದಾರಿಯಲ್ಲಿ ಸಿಕ್ಕಿಬೀಳುತ್ತಾರೆ. ದುಡ್ಡು ಕೊಟ್ಟು ರತ್ನ ಕೊಳ್ಳುವ ಮನಸ್ಸಾಗುವುದು ಸರಿಯಾಗಿ ಆ ಘಳಿಗೆಯಲ್ಲೇ.

ಪಿಟಿ ಎಂಬ ಹೆಸರು ಒಂದೇ ಆದರೂ ನಿಯಮ ಗೇಮಿನಿಂದ ಗೇಮಿಗೆ ಬೇರೆ. ಪುಲ್ ಮಾಡುವ ಮೊದಲು ನೋಡಬೇಕಾದದ್ದು: ಎಣಿಕೆ ಮುಂದಿನ ಬ್ಯಾನರ್‌ಗೆ ಸಾಗುತ್ತದೆಯೋ, ಸೊನ್ನೆಗೆ ಇಳಿಯುತ್ತದೆಯೋ. ಗೆನ್ಶಿನ್‌ನಲ್ಲಿ ಒಂದೇ ಬಗೆಯ ಬ್ಯಾನರ್‌ಗಳ ನಡುವೆ ಸಾಗುತ್ತದೆ. ಗ್ರಾನ್‌ಬ್ಲೂ ಫ್ಯಾಂಟಸಿಯಲ್ಲಿ 300 ಪುಲ್ ಆದರೆ ಬೇಕಾದ್ದನ್ನು ಆರಿಸಿಕೊಳ್ಳಬಹುದು, ಆದರೆ ಬ್ಯಾನರ್ ಮುಗಿದ ಮೇಲೆ ಕೂಡಿಸಿದ ಅಂಕಗಳು ಆ ಉಪಯೋಗಕ್ಕೆ ಉಳಿಯುವುದಿಲ್ಲ. ಅಂಥ ಕಡೆ 200 ಪುಲ್‌ಗೆ ನಿಲ್ಲಿಸುವುದೆಂದರೆ ಖಾತ್ರಿಗಾಗಿ ಏರಿದ ಮೆಟ್ಟಿಲುಗಳೆಲ್ಲ ವ್ಯರ್ಥ.

ಸೋಲಿನ ನೆನಪಿಡುವ ಲೆಕ್ಕ ಬಹುಮಾನಕ್ಕಷ್ಟೇ ಸೀಮಿತವಲ್ಲ. ಡೋಟಾ 2 ಎಂಬ ಕಾಳಗದ ಗೇಮಿನಲ್ಲಿ ‘ಶೇ. 25 ಸಾಧ್ಯತೆ’ ಎಂದು ಬರೆದಿರುವ ಹಲವು ವಿಶೇಷ ಹೊಡೆತಗಳು ನಿಜಕ್ಕೂ ಸುಮಾರು ಶೇ. 8.5ರಿಂದ ಶುರುವಾಗಿ, ತಪ್ಪಿದಾಗಲೆಲ್ಲ ಅಷ್ಟಷ್ಟೇ ಏರುತ್ತವೆ. ಹನ್ನೆರಡನೆಯದಕ್ಕೆ ಬಂದೇ ಬರುತ್ತದೆ; ಒಟ್ಟಾರೆ ಸರಾಸರಿ ಮಾತ್ರ ಶೇ. 25ರಲ್ಲೇ ನಿಲ್ಲುತ್ತದೆ.

## ಪೂರ್ತಿ ಸೆಟ್ ಕೂಡಿಸುವ ಬಲೆ

ಸಮಾನ ಸಾಧ್ಯತೆಯ ಹತ್ತು ಕಾರ್ಡ್‌ಗಳಿವೆ, ಹತ್ತೂ ಸೇರಿದರೆ ದೊಡ್ಡ ಬಹುಮಾನ. ಮೊದಲ ಐದು ಬೇರೆ ಬೇರೆ ಕಾರ್ಡ್ ಕೂಡಿಸಲು ಸರಾಸರಿ ಆರೂವರೆ ಪ್ರಯತ್ನ ಸಾಕು. ಉಳಿದ ಐದಕ್ಕೆ ಸುಮಾರು 23 ಬೇಕು, ಅದರಲ್ಲಿ ಕೊನೆಯ ಒಂದೇ ಕಾರ್ಡಿಗೆ 10. ಕೈಯಲ್ಲಿ ಒಂಬತ್ತು ಇದ್ದಾಗ ಹೊಸದಾಗಿ ಬರುವ ಪ್ರತಿ ಹತ್ತರಲ್ಲಿ ಒಂಬತ್ತು ಈಗಾಗಲೇ ಇರುವುದೇ ಆಗಿರುತ್ತದಲ್ಲ! ಅರ್ಧ ಸೆಟ್ ಆದಾಗ ‘ಅರ್ಧ ಕೆಲಸ ಮುಗಿಯಿತು’ ಎನಿಸಿದರೂ ಮುಗಿದಿರುವುದು ಕಾಲು ಭಾಗಕ್ಕಿಂತ ಕಡಿಮೆ. ಜಪಾನಿನಲ್ಲಿ ಹೀಗೆ ದುಡ್ಡಿನ ಪುಲ್‌ಗಳಿಂದ ಸೆಟ್ ಪೂರ್ತಿ ಮಾಡಿಸುವ ‘ಕಂಪು ಗಾಚಾ’ (‘ಕಂಪ್ಲೀಟ್ ಗಾಚಾ’ದ ಚುಟುಕು ರೂಪ) ಪದ್ಧತಿ ಕಾನೂನಿಗೆ ವಿರುದ್ಧ ಎಂದು 2012ರಲ್ಲಿ ಅಲ್ಲಿನ ಗ್ರಾಹಕ ವ್ಯವಹಾರಗಳ ಸಂಸ್ಥೆ ಹೇಳಿತು, ಕಂಪನಿಗಳು ಅದನ್ನು ಕೈಬಿಟ್ಟವು. ಒಂಟಿ ಪುಲ್‌ನ ಗಾಚಾ ಅಲ್ಲಿ ಮುಂದುವರಿಯಿತು. ಬೆಲ್ಜಿಯಂ ಇನ್ನೂ ಮುಂದೆ ಹೋಗಿ, ದುಡ್ಡು ಕೊಟ್ಟು ತೆರೆಯುವ ಲೂಟ್ ಬಾಕ್ಸ್‌ಗಳನ್ನು 2018ರಲ್ಲಿ ಜೂಜಿನ ಕಾನೂನಿನಡಿ ತಂದಿತು.

## ಗಿವ್‌ಅವೇ: ಇಲ್ಲಿ ಉಳಿದವರೂ ಲೆಕ್ಕಕ್ಕೆ ಬರುತ್ತಾರೆ

ಡ್ರಾಪ್‌ನಲ್ಲಿ ಎಷ್ಟು ಜನ ಆಡುತ್ತಿದ್ದಾರೆ ಎಂಬುದು ನಿಮ್ಮ ಸಾಧ್ಯತೆಯನ್ನು ಮುಟ್ಟುವುದಿಲ್ಲ. ಹೆಸರು ನೋಂದಾಯಿಸಿ ಚೀಟಿ ಎತ್ತುವ ಗಿವ್‌ಅವೇಯಲ್ಲಿ ಅದೇ ಮುಖ್ಯ. 4,000 ಜನ, 20 ಬಹುಮಾನ ಎಂದರೆ ಪ್ರತಿಯೊಬ್ಬರಿಗೂ ಶೇ. 0.5.

ಹಂಚಿಕೊಂಡರೆ, ಸ್ನೇಹಿತರನ್ನು ಕರೆತಂದರೆ ಹೆಚ್ಚುವರಿ ಚೀಟಿ ಎಂಬ ನಿಯಮ ಬಂದಾಗ ಲೆಕ್ಕ ವಾಲುತ್ತದೆ. ಆ 4,000ದಲ್ಲಿ ಸಾವಿರ ಜನ ಐದೈದು ಹೆಚ್ಚುವರಿ ಚೀಟಿ ಪಡೆದರೆ ಮಡಕೆಯಲ್ಲಿ 9,000 ಚೀಟಿ. ಒಂದೇ ಚೀಟಿಯವರ ಸಾಧ್ಯತೆ ಶೇ. 0.5ರಿಂದ ಸುಮಾರು 0.22ಕ್ಕೆ ಇಳಿಯಿತು, ಆರು ಚೀಟಿಯವರದು ಶೇ. 1.3ರ ಆಸುಪಾಸು. ಆರು ಪಟ್ಟು ಕೆಲಸ ಮಾಡಿದವರಿಗೆ ದಕ್ಕಿದ್ದು ಮೂಲ ಸಾಧ್ಯತೆಯ ಮೂರು ಪಟ್ಟಿಗೂ ಕಡಿಮೆ. ಎಲ್ಲರೂ ಆ ಆರನ್ನೂ ಹಾಕಿದರೆ ಸಾಧ್ಯತೆ ಮತ್ತೆ ಶೇ. 0.5ಕ್ಕೇ ಬಂದು ನಿಲ್ಲುತ್ತದೆ, ಆಯೋಜಕರಿಗೆ ಪ್ರಚಾರ ಪುಕ್ಕಟೆ. ‘ಮೊದಲು ಬಂದ 500 ಜನರಿಗೆ ಕೋಡ್’ ಎಂಬುದು ಅದೃಷ್ಟದ ಮಾತಲ್ಲ, ಅದು ಓಟ. ಗೆದ್ದಿದ್ದೀರಿ ಎಂದು ಹೇಳಿ ಶುಲ್ಕವನ್ನೋ ಪಾಸ್‌ವರ್ಡನ್ನೋ ಕೇಳಿದರೆ ಅದು ಗಿವ್‌ಅವೇಯೇ ಅಲ್ಲ.

## ಪ್ರಕಟಿತ ದರ ನಿಜವೇ? ಪರೀಕ್ಷಿಸುವ ಬಗೆ

ಒಬ್ಬರ ಅನುಭವದಿಂದ ಇದನ್ನು ತೀರ್ಮಾನಿಸುವುದು ಕಷ್ಟ. ಸರಳ ಸೂತ್ರ ಒಂದಿದೆ: ಒಮ್ಮೆಯೂ ಸಿಗದೆ ಎಷ್ಟು ಪ್ರಯತ್ನ ಕಳೆದಿವೆಯೋ ಆ ಸಂಖ್ಯೆಯಿಂದ 3ನ್ನು ಭಾಗಿಸಿ. 300 ಸಲ ಬರಿಗೈ ಎಂದರೆ 3/300, ಅಂದರೆ ಶೇ. 1. ನಿಜವಾದ ದರ ಶೇ. 1ರವರೆಗೆ ಇದ್ದರೂ ಹೀಗಾಗುವುದು ಅಸಂಭವವಲ್ಲ ಎಂದು ಇದರರ್ಥ. ಮುನ್ನೂರು ಸೋಲಾದರೂ ‘ಶೇ. 1 ಸುಳ್ಳು’ ಎಂದು ಗಟ್ಟಿಯಾಗಿ ಹೇಳುವಂತಿಲ್ಲ. ಸಾವಿರ ಪ್ರಯತ್ನಗಳಲ್ಲಿ ಸರಾಸರಿ 10 ಸಿಗಬೇಕು. 4 ಸಿಕ್ಕರೂ 16 ಸಿಕ್ಕರೂ ಅದು ಮಾಮೂಲಿ ಏರಿಳಿತದೊಳಗೇ ಇದೆ.

ಅದಕ್ಕೇ ಹಲವರ ದಾಖಲೆಗಳು ಬೇಕು, ಅವು ಸರಿಯಾಗಿಯೂ ಇರಬೇಕು. ಸೋತು ಸಿಟ್ಟು ಬಂದ ಮೇಲೆ ಬರೆಯಲು ಕೂತರೆ ಲೆಕ್ಕ ಕೆಳಕ್ಕೆ ವಾಲುತ್ತದೆ. ಸಿಕ್ಕ ಕೂಡಲೇ ನಿಲ್ಲಿಸಿದವರ ಪಟ್ಟಿಗಳನ್ನಷ್ಟೇ ಒಟ್ಟು ಹಾಕಿದರೆ ಮೇಲಕ್ಕೆ ವಾಲುತ್ತದೆ. ಇಂತಿಷ್ಟು ಪ್ರಯತ್ನ ಎಂದು ಮೊದಲೇ ಗೊತ್ತುಮಾಡಿಕೊಂಡು, ಮೊದಲನೆಯದರಿಂದ ಕೊನೆಯದರವರೆಗೆ ಒಂದೂ ಬಿಡದೆ ಬರೆದ ಪಟ್ಟಿಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ಗೇಮಿನೊಳಗೇ ಪುಲ್ ಇತಿಹಾಸದ ಪುಟ ಇದ್ದರೆ ಕೆಲಸ ಸುಲಭ, ಆದರೆ ಕೆಲವು ತಿಂಗಳ ಹಿಂದಿನ ದಾಖಲೆ ಅಲ್ಲಿ ಅಳಿಸಿಹೋಗುವುದುಂಟು. ಆಗಾಗ ನಕಲು ಮಾಡಿ ಇಟ್ಟುಕೊಳ್ಳಬೇಕು.

ದರಗಳನ್ನು ಸದ್ದಿಲ್ಲದೆ ಬದಲಿಸಿದ್ದು ಸಾಬೀತಾದ ಪ್ರಕರಣಗಳೂ ಇವೆ. ಮೇಪಲ್‌ಸ್ಟೋರಿ ಗೇಮಿನಲ್ಲಿ ಆಯುಧ, ಕವಚಗಳ ಗುಣಗಳನ್ನು ಅದೃಷ್ಟದ ಮೇಲೆ ಬದಲಿಸುವ ‘ಕ್ಯೂಬ್’ ಎಂಬ ವಸ್ತುವಿನ ಸಾಧ್ಯತೆಗಳನ್ನು ಆಟಗಾರರಿಗೆ ತಿಳಿಸದೆ ಬದಲಿಸಿದ್ದಕ್ಕಾಗಿ ದಕ್ಷಿಣ ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗ 2024ರ ಜನವರಿಯಲ್ಲಿ ನೆಕ್ಸಾನ್ ಕಂಪನಿಗೆ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು. ದರ ಪ್ರಕಟಣೆಯ ಕಾನೂನು ಅಲ್ಲಿ ಜಾರಿಗೆ ಬಂದದ್ದು ಅದಾದ ಎರಡೇ ತಿಂಗಳಿಗೆ.